ನರ್ಸರಿಯ ಇಕ್ಸೋರಾ, ಗುಡ್ಡೆಯ ಕೇಪಳ ಎರಡೂ ಒಂದೇನಾ? ತಂಬುಳಿ ಮಾಡಬಹುದಾ?

ಬಾಲ್ಕನಿ_ತೋಟ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಎರಡು ಇಕ್ಸೋರಾ ಗಿಡ ಇಟ್ಟಿದ್ದೇನೆ. ಒಂದು ಕೆಂಪು, ಒಂದು ಹಳದಿ. ಎರಡೂ ನರ್ಸರಿಯಿಂದ ತಂದದ್ದು. ಈಗ ವಿಟ್ಲದಿಂದ ಅತ್ತೆ ಬಂದಿದ್ದಾರೆ. ಗಿಡ ನೋಡಿದ ಕೂಡಲೇ "ಇದು ಕೇಪಳ ಅಲ್ವಾ, ಕುಡಿ ಕೊಯ್ದು ತಂಬುಳಿ ಮಾಡುವ" ಅಂದರು. ಗಂಡ ಮಾತ್ರ "ನರ್ಸರಿ ಗಿಡಕ್ಕೆ ಏನೇನು ಹೊಡೆದಿರ್ತಾರೋ, ಯಾರೂ ಬಾಯಿಗೆ ಹಾಕಬೇಡಿ" ಅಂತ ಹಟ ಹಿಡಿದಿದ್ದಾರೆ. ನಾನು ಮಧ್ಯದಲ್ಲಿ ಸಿಕ್ಕಿಬಿದ್ದಿದ್ದೇನೆ.

ನಿಜಕ್ಕೂ ಇದು ಊರಿನ ಕೇಪಳವೇನಾ? ತಿನ್ನಬಹುದಾ? ಇನ್ನೊಂದು ವಿಷಯ, ಕೆಂಪು ಗಿಡದ ಹೊಸ ಎಲೆಗಳೆಲ್ಲ ಹಳದಿ ಆಗ್ತಾ ಇವೆ. ನರ ಮಾತ್ರ ಹಸಿರು. ನೀರು ಜಾಸ್ತಿ ಆಯ್ತಾ?

ಪದವಿನ_ಹುಡುಗ
ಅತ್ತೆಯ ಪಕ್ಷ ನಾನು. ತಂಬುಳಿ ಮಾಡಿ, ಫೋಟೋ ಹಾಕಿ.

ಸಸ್ಯಮಿತ್ರ
ನಿಲ್ಲಿ ನಿಲ್ಲಿ. ಮೊದಲು ಗಿಡ ಯಾವುದು ಅಂತ ನೋಡೋಣ. ಹೂವಿನ ಎಸಳು ಎಣಿಸಿ. ನಾಲ್ಕಿದ್ದರೆ ಇಕ್ಸೋರಾ. ಐದಿದ್ದರೆ ಅದು ಪೆಂಟಾಸ್ ಇರಬಹುದು, ಗೊಂಚಲು ನೋಡಿ ಜನ ಮೋಸ ಹೋಗ್ತಾರೆ.

ನಾಲ್ಕೇ ಇದ್ದರೆ ಎಸಳಿನ ತುದಿ ನೋಡಿ. ಗುಡ್ಡೆಯ ಕೇಪಳ, ಅಂದರೆ ಇಕ್ಸೋರಾ ಕಾಕ್ಸೀನಿಯಾ, ಅದರ ಎಸಳು ಚೂಪು. ಎಲೆಗೆ ತೊಟ್ಟು ಇಲ್ಲವೇ ಇಲ್ಲ ಅನ್ನುವ ಹಾಗೆ ಕೊಂಬೆಗೆ ಅಂಟಿಕೊಂಡಿರುತ್ತದೆ, ಬುಡ ದುಂಡಗೆ. ಎಸಳಿನ ತುದಿ ಗುಂಡಗಿದ್ದು ಎಲೆಗೆ ಚಿಕ್ಕ ತೊಟ್ಟಿದ್ದರೆ ಅದು ಹೆಚ್ಚಾಗಿ ಚೈನಾ ಕಡೆಯ ಇಕ್ಸೋರಾ ಚೈನೆನ್ಸಿಸ್, ಇಲ್ಲವೇ ಅದರ ಮಿಶ್ರತಳಿ. ನರ್ಸರಿಯಲ್ಲಿ ಸಿಗುವ ಗಿಡ್ಡ ಜಾತಿ, ಗುಲಾಬಿ, ಕಿತ್ತಳೆ ಬಣ್ಣದವು ಬಹಳಷ್ಟು ಇಂಥವೇ. ಎಲ್ಲವೂ ಕಾಫಿಯ ಕುಟುಂಬದವು ಅನ್ನೋದು ನಿಜ. ಹಾಗಂತ ಕಾಫಿ ಬದಲು ಇದನ್ನ ಕುದಿಸಿ ಕುಡೀತೀರಾ?

ಬಾಲ್ಕನಿ_ತೋಟ
ಎಣಿಸಿದೆ. ನಾಲ್ಕೇ. ಕೆಂಪಿನದ್ದು ತುದಿ ಸ್ವಲ್ಪ ಚೂಪು, ಹಳದಿಯದ್ದು ಗುಂಡಗಿದೆ. ಕೆಂಪು ಗಿಡದ ಎಲೆಗೆ ತೊಟ್ಟು ಕಾಣಿಸ್ತಿಲ್ಲ. ಅತ್ತೆ ಪಕ್ಕದಲ್ಲಿ ನಿಂತು "ನಾನು ಹೇಳ್ಲಿಲ್ವಾ" ಅಂತಿದ್ದಾರೆ.

ಸಸ್ಯಮಿತ್ರ
ಹಾಗಾದರೆ ಕೆಂಪಿನದ್ದು ಕಾಕ್ಸೀನಿಯಾ ಇರಬಹುದು. ಹಳದಿಯನ್ನು ನೋಡಿ ಖುಷಿಪಡಿ, ತಿನ್ನಬೇಡಿ.

ಗಂಟು_ಮೂಟೆ
ಗಂಡ ಹೇಳಿದ್ದೂ ಸರಿಯೇ ಇದೆ. ಅಲಂಕಾರದ ಗಿಡಗಳನ್ನು ಯಾರೂ ತಿನ್ನೋದಿಲ್ಲ ಅನ್ನುವ ಲೆಕ್ಕದಲ್ಲೇ ಔಷಧಿ ಹೊಡೆಯುತ್ತಾರೆ. ಇಮಿಡಾಕ್ಲೋಪ್ರಿಡ್ ತರಹದ ಕೀಟನಾಶಕ ಗಿಡದ ಒಳಗೇ ಸೇರಿಕೊಳ್ಳುತ್ತದೆ. ಎಲೆಯನ್ನು ನಲ್ಲಿ ನೀರಲ್ಲಿ ತೊಳೆದರೆ ಹೋಗೋದಿಲ್ಲ. ತಿನ್ನಲೇಬೇಕು ಅಂತಿದ್ದರೆ ಹಳೆ ಮಣ್ಣು ತೆಗೆದು ಬೇರೆ ಕುಂಡಕ್ಕೆ ಹಾಕಿ, ಕೊಂಬೆಗಳನ್ನು ಚೆನ್ನಾಗಿ ಸವರಿ, ತಿಂಗಳುಗಟ್ಟಲೆ ಕಾದು, ಆಮೇಲೆ ಬಂದ ಚಿಗುರು ನೋಡಿ. ಇನ್ನೂ ಒಳ್ಳೆಯದು, ಊರಿನಿಂದಲೇ ಕುಡಿ ತರಿಸಿಕೊಳ್ಳಿ.

ಪದವಿನ_ಹುಡುಗ
ಊರಿನಲ್ಲಿ ಗುಡ್ಡೆ ಉಂಟಾ ಅಂತ ಮೊದಲು ಕೇಳಿ. 😄

ಅಡಿಗೆಮನೆ_ಅಕ್ಕ
ತಂಬುಳಿ ವಿಷಯ ಬಂತಲ್ಲ, ಹಾಗಾಗಿ ಬಂದೆ. ನಮ್ಮಲ್ಲಿ ಕೇಪಳದ ಕುಡಿ ಒಂದನ್ನೇ ಹಾಕೋದು ಕಡಿಮೆ. ನೆಲ್ಲಿ ಕುಡಿ, ಪೇರಳೆ ಕುಡಿ, ಕುಂಟಾಲ ಕುಡಿ, ಕೇಪಳ ಕುಡಿ, ಸಿಕ್ಕಿದ್ದೆಲ್ಲ ನಾಲ್ಕು ನಾಲ್ಕು ತರೋದು. ಎಲ್ಲ ಒಗರು ಚಿಗುರುಗಳೇ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಮೇಲಿಂದ ಚಿಗುರು ಹಾಕಿ ಬಾಡಿಸಬೇಕು. ಹಸಿ ವಾಸನೆ ಹೋಗಬೇಕು, ಕಪ್ಪಾಗಬಾರದು. ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು, ಚೂರೇ ಚೂರು ಬೆಲ್ಲ. ಒಣಮೆಣಸು ಸಾಸಿವೆ ಒಗ್ಗರಣೆ. ಕುದಿಸೋಕೆ ಹೋಗಬೇಡಿ, ಒಡೆದು ನೀರು ನೀರಾಗುತ್ತದೆ.

ಹೂವಿನದ್ದೂ ಮಾಡ್ತಾರೆ. ಹೂವನ್ನು ಅದೇ ತರ ತುಪ್ಪದಲ್ಲಿ ಹುರಿದು ರುಬ್ಬೋದು. ಬಣ್ಣ ಚಂದ, ರುಚಿ ಅಷ್ಟಕ್ಕಷ್ಟೇ ಅಂತ ನನ್ನ ಅಭಿಪ್ರಾಯ. ಕುಡಿಯದ್ದೇ ಮೇಲು.

ಘಟ್ಟದ_ಮೇಲೆ
ಬೆಲ್ಲ ಯಾಕ್ರೀ ತಂಬುಳಿಗೆ?

ಅಡಿಗೆಮನೆ_ಅಕ್ಕ
ಒಗರು ತಡೆಯೋಕೆ. ಬೇಡ ಅಂದ್ರೆ ಬಿಡಿ, ನಿಮ್ಮ ಮನೆ ತಂಬುಳಿ.

ಘಟ್ಟದ_ಮೇಲೆ
ಸಿರ್ಸಿ ಕಡೆ ನಾವು ಹಾಕಲ್ಲ. ಮಜ್ಜಿಗೆ ಸರಿಯಾಗಿದ್ದರೆ ಒಗರು ತಾನಾಗೇ ಅಡಗುತ್ತೆ.

ಆರೋಗ್ಯಧಾಮ_77
ಕೇಪಳ ಅಂದರೆ ಸಂಜೀವಿನಿ. ಬೇರಿನ ಕಷಾಯ ಕುಡಿದರೆ ಆಮಶಂಕೆ, ಭೇದಿ, ಬಿಳಿಸೆರಗು, ಮುಟ್ಟಿನ ನೋವು, ಬಿಪಿ, ಶುಗರ್, ಕ್ಯಾನ್ಸರ್ ಎಲ್ಲ ವಾಸಿ. ಇಂಗ್ಲಿಷ್ ಔಷಧಿ ಕಂಪನಿಗಳು ಇದನ್ನ ಮುಚ್ಚಿಟ್ಟಿವೆ. ಹೆಚ್ಚಿನ ಮಾಹಿತಿಗೆ ಮೆಸೇಜ್ ಮಾಡಿ.

ಗಂಟು_ಮೂಟೆ
ಬಂತು ನೋಡಿ. ಭೇದಿಯಿಂದ ಶುರುವಾಗಿ ಕ್ಯಾನ್ಸರ್‌ಗೆ ಮುಟ್ಟೋಕೆ ಒಂದೇ ಸಾಲು ಸಾಕಾಯ್ತು.

ಬೇರು_ನಾರು
ನಾನು ಆಯುರ್ವೇದ ಓದಿದವಳು, ಹಾಗಾಗಿ ಎರಡೂ ಕಡೆಗೆ ಸ್ವಲ್ಪ ಹೇಳ್ತೇನೆ. ಭೇದಿಗೆ, ಆಮಶಂಕೆಗೆ ಕೇಪಳದ ಬೇರು ಮತ್ತು ಹೂವು ಬಳಸುವುದು ಕರಾವಳಿ, ಕೇರಳ, ಕೊಂಕಣ ಎಲ್ಲ ಕಡೆ ಇರುವ ಹಳೆ ರೂಢಿ. ಅದರ ಹಿಂದೆ ತರ್ಕ ಇದೆ. ಗಿಡದಲ್ಲಿ ಟ್ಯಾನಿನ್ ಇದೆ, ನಾವು ಒಗರು ಅನ್ನೋದು ಅದನ್ನೇ. ಕರುಳಿನ ಒಳಪದರವನ್ನು ಸ್ವಲ್ಪ ಬಿಗಿ ಮಾಡುತ್ತದೆ. ದಾಳಿಂಬೆ ಸಿಪ್ಪೆ, ಪೇರಳೆ ಕುಡಿ ಮಾಡುವ ಕೆಲಸವೂ ಅದೇ. ಬೇರನ್ನು ಅರೆದು ಹುಣ್ಣಿಗೆ ಹಚ್ಚೋದೂ ಇದೆ. ಮುಟ್ಟಿನ ತೊಂದರೆಗೆ ಹೂವು ಕೊಡುವ ರೂಢಿಯೂ ಇದೆ.

ಆದರೆ ಬಿಪಿ, ಶುಗರ್, ಕ್ಯಾನ್ಸರ್ ಅಂತ ಹೇಳೋರು ತೋರಿಸುವ ಪೇಪರ್‌ಗಳು ಹೆಚ್ಚಾಗಿ ಇಲಿ ಮೇಲೆ, ಇಲ್ಲವೇ ಗಾಜಿನ ತಟ್ಟೆಯಲ್ಲಿ ಮಾಡಿದ ಪ್ರಯೋಗಗಳು. ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಮಕ್ಕಳಿಗೆ ಭೇದಿಯಾದರೆ ಮೊದಲು ಓಆರ್‌ಎಸ್. ರಕ್ತ ಬಂದರೆ, ಜ್ವರ ಇದ್ದರೆ, ಮಗು ಮಂಕಾದರೆ ಡಾಕ್ಟರ್ ಹತ್ತಿರ ಓಡಿ. ತಂಬುಳಿ ಊಟದ ಜೊತೆಗೆ, ಓಆರ್‌ಎಸ್ ಬದಲಿಗಲ್ಲ. ಬಸುರಿಯರು ಬೇರಿನ ಕಷಾಯದ ತಂಟೆಗೇ ಹೋಗಬೇಡಿ.

ಆರೋಗ್ಯಧಾಮ_77
ನಮ್ಮ ಹಿರಿಯರಿಗೆ ಪೇಪರ್ ಬೇಕಾಗಿರಲಿಲ್ಲ.

ಬೇರು_ನಾರು
ಹಿರಿಯರು ಯಾರೂ ಇದರಿಂದ ಕ್ಯಾನ್ಸರ್ ವಾಸಿ ಮಾಡ್ತೇವೆ ಅಂತ ಹೇಳಿಯೂ ಇರಲಿಲ್ಲ. ಭೇದಿಗೆ ಅಂದರು, ಹುಣ್ಣಿಗೆ ಅಂದರು, ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದು ವಾಟ್ಸಾಪ್ ಹಿರಿಯರದ್ದು.

ಕಾಸರಗೋಡು_ಕನ್ನಡತಿ
ನಮ್ಮ ಕಡೆ ಇದು ಚೆತ್ತಿ, ತೆಚ್ಚಿ. ಹೂವು ಹಾಕಿ ಕಾಯಿಸಿದ ತೆಂಗಿನೆಣ್ಣೆ ಇಲ್ಲದ ಬಾಣಂತಿ ಮನೆ ಇಲ್ಲ. ಮಗುವಿನ ಮೈಮೇಲೆ ಕೆಂಪು ಗುಳ್ಳೆ, ಒಣ ಚರ್ಮ, ತಲೆಯ ಹೊಟ್ಟು, ಎಲ್ಲಕ್ಕೂ ಅದೇ. ಹೂವನ್ನು ಒಣಗಿಸಬಾರದು, ತೊಳೆದು ನೀರು ಪೂರ್ತಿ ಆರಿದ ಮೇಲೆ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಚಿಟಪಟ ಸದ್ದು ನಿಂತರೆ ಪಾಕ ಸರಿ ಬಂತು ಅಂತ ಲೆಕ್ಕ. ನೀರಿನಂಶ ಉಳಿದರೆ ಎಣ್ಣೆ ಕಮಟು ಹಿಡಿಯುತ್ತದೆ.

ಇನ್ನು ಗುರುವಾಯೂರಿನಲ್ಲಿ ತುಳಸಿ, ತೆಚ್ಚಿ, ತಾವರೆ ಮೂರೂ ದೇವರಿಗೆ ಬೇಕೇ ಬೇಕು. ನಮ್ಮ ಕಡೆಯ ದೈವದ ಕುಣಿತ ತೆಯ್ಯಂ ಕಟ್ಟುವಾಗಲೂ ತಲೆಯ ಅಲಂಕಾರಕ್ಕೆ ತೆಚ್ಚಿ.

ಪದವಿನ_ಹುಡುಗ
ನಮ್ಮಲ್ಲೂ ಹಾಗೇ ಮಾರಾಯ್ರೆ. ದೈವದ ಕೋಲ ಅಂದರೆ ಹಿಂಗಾರ (ಅಡಿಕೆಯ ಹೂಗೊಂಚಲು) ಮತ್ತು ಕೇಪಳ. ದೈವದ ಮುಡಿಗೆ ಕೇಪಳ ಬೇಕು. ದೇವಿ ದೇವಸ್ಥಾನಗಳಲ್ಲಿ ಕೇಪಳದ ಮಾಲೆ. ಮೊದಲು ಕೋಲದ ಹಿಂದಿನ ದಿನ ಮಕ್ಕಳನ್ನು ಬುಟ್ಟಿ ಕೊಟ್ಟು ಗುಡ್ಡೆಗೆ ಕಳಿಸುತ್ತಿದ್ದರು. ನಾವು ಅರ್ಧ ಹೂವಿನ ಜೇನು ಹೀರಿಯೇ ಬುಟ್ಟಿಗೆ ಹಾಕುತ್ತಿದ್ದೆವು. ದೈವ ಏನೂ ಹೇಳಲಿಲ್ಲ, ಅಜ್ಜಿ ಹೇಳಿದರು.

ಕುಂಟಾಲ_ಹಣ್ಣು
ಜೇನು ಹೀರೋದು! ಹೂವನ್ನು ಕಿತ್ತು ಒಳಗಿನ ಎಳೆಯನ್ನು ಹಿಂದಿನಿಂದ ಮೆಲ್ಲ ಎಳೆದರೆ ತುದಿಯಲ್ಲಿ ಒಂದು ಹನಿ ಬರುತ್ತಿತ್ತು. ಆಮೇಲೆ ಹಣ್ಣು. ಬೇಸಿಗೆಯಲ್ಲಿ ಕಪ್ಪುಕೆಂಪು ಬಣ್ಣಕ್ಕೆ ತಿರುಗುತ್ತೆ, ಬಟಾಣಿ ಗಾತ್ರ, ಒಳಗೆ ಬೀಜವೇ ಜಾಸ್ತಿ. ಸಿಹಿ ಅಂತ ಹೇಳಲಿಕ್ಕಾಗದು, ಆದರೂ ಶಾಲೆಯಿಂದ ಬರುವಾಗ ಬಿಡುತ್ತಿರಲಿಲ್ಲ. ಐದೆಸಳಿನ ಹೂವು ಸಿಕ್ಕಿದರೆ ಪರೀಕ್ಷೆ ಪಾಸು ಅಂತ ನಂಬಿಕೆ. ಗಣಿತಕ್ಕೆ ಕೆಲಸ ಮಾಡಲಿಲ್ಲ.

ಗಂಟು_ಮೂಟೆ
ಇದನ್ನು ಓದಿ ಪಾರ್ಕಿನಲ್ಲಿ ಮಕ್ಕಳಿಗೆ ಕೆಂಪು ಹೂವೆಲ್ಲ ಹೀರಲು ಹೇಳಿಕೊಡಬೇಡಿ ಪ್ಲೀಸ್. ಪಕ್ಕದಲ್ಲೇ ಕಣಗಿಲೆ ಇರುತ್ತದೆ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಹೃದಯಕ್ಕೇ ಹೊಡೆತ. ಲಂಟಾನದ ಹಸಿ ಕಾಯಿಯೂ ಒಳ್ಳೆಯದಲ್ಲ. ಗುಡ್ಡೆಯಲ್ಲಿ ಬೆಳೆದ ಮಕ್ಕಳಿಗೆ ಯಾವುದು ಯಾವುದು ಅಂತ ಗೊತ್ತಿತ್ತು, ಅಪಾರ್ಟ್‌ಮೆಂಟ್ ಮಕ್ಕಳಿಗೆ ಗೊತ್ತಿಲ್ಲ.

ಕುಂಟಾಲ_ಹಣ್ಣು
ಒಪ್ಪಿದೆ.

ಮಣ್ಣು_ಮಾಸ್ತರ
ಎಲೆ ಹಳದಿಯಾದ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ, ಎಲ್ಲರೂ ತಂಬುಳಿಯ ಹಿಂದೆ ಓಡಿದಿರಿ.

ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಹಳೆ ಎಲೆ ಹಳದಿಯಾಗಿದ್ದರೆ ಸಾರಜನಕವೋ ಮೆಗ್ನೀಸಿಯಮ್ಮೋ ಅಂತ ಯೋಚಿಸಬೇಕಿತ್ತು. ಕೇಪಳ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡದ ಗಿಡ. ಮುರಕಲ್ಲಿನ ಮಣ್ಣು ಹುಳಿ, ಕಬ್ಬಿಣ ತುಂಬಿದ ಮಣ್ಣು. ಅದಕ್ಕೇ ಅಲ್ವಾ ಅಷ್ಟು ಕೆಂಪು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ದಿನಾ ಹಾಕಿದರೆ ಕುಂಡದ ಮಣ್ಣು ಕ್ಷಾರ ಆಗುತ್ತಾ ಹೋಗುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗೋದಿಲ್ಲ. ಸಿಮೆಂಟ್ ಗೋಡೆ ಪಕ್ಕ ನೆಟ್ಟ ಇಕ್ಸೋರಾ ಬೇಲಿಗಳು ಹಳದಿ ಹೊಡೆಯೋದಕ್ಕೂ ಇದೇ ಕಾರಣ.

ಮಳೆನೀರು ಹಿಡಿದಿಟ್ಟು ಹಾಕಿ. ಮೇಲ್ಮಣ್ಣು ತೆಗೆದು ಎಲೆಗೊಬ್ಬರ, ಕಾಂಪೋಸ್ಟ್ ಸೇರಿಸಿ. ಬೇಗ ಸರಿಯಾಗಬೇಕು ಅಂದರೆ ಚಿಲೇಟೆಡ್ ಐರನ್, ಅಂದರೆ ಗಿಡ ಹೀರಿಕೊಳ್ಳುವ ಹಾಗೆ ಮಾಡಿದ ಕಬ್ಬಿಣದ ಗೊಬ್ಬರ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಇಡಿಟಿಎ, ಅದು ಕ್ಷಾರದ ಮಣ್ಣಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಎಲೆಗೆ ಸಿಂಪಡಿಸಬಹುದು. ಮಣ್ಣಿಗೆ ಹಾಕೋದಾದರೆ ಇಡಿಡಿಎಚ್‌ಎ ಕೇಳಿ ತನ್ನಿ, ರೇಟು ಸ್ವಲ್ಪ ಜಾಸ್ತಿ.

ಟೆರೇಸ್_ಟಿಪ್ಸ್
ತುಕ್ಕು ಹಿಡಿದ ಮೊಳೆ ಹುಗಿಯಿರಿ, ಸಾಕು. ಖರ್ಚಿಲ್ಲ.

ಮಣ್ಣು_ಮಾಸ್ತರ
ತುಕ್ಕು ನೀರಲ್ಲಿ ಕರಗೋದೇ ಇಲ್ಲ ಸ್ವಾಮಿ. ಮಣ್ಣು ಹುಳಿ ಇದ್ದರೆ ಮೊಳೆ ಬೇಡ, ಹುಳಿ ಇಲ್ಲದಿದ್ದರೆ ಮೊಳೆಯಿಂದ ಪ್ರಯೋಜನ ಇಲ್ಲ. ಗಿಡ ಬದಲಿಸುವಾಗ ಕೈಗೆ ಚುಚ್ಚಿಕೊಂಡರೆ ಟಿಟಿ ಇಂಜೆಕ್ಷನ್ ಮಾತ್ರ ಖಚಿತ.

ಫ್ಲೋರಿಡಾ_ಕನ್ನಡಿಗ
ಮಾಸ್ತರು ಹೇಳಿದ್ದು ನೂರಕ್ಕೆ ನೂರು. ಮಿಯಾಮಿ ಕಡೆ ಮಣ್ಣಿನ ಕೆಳಗೆಲ್ಲ ಸುಣ್ಣಕಲ್ಲು. ಇಲ್ಲಿ ಮನೆ ಮನೆಗೂ ಇಕ್ಸೋರಾ ಬೇಲಿ, ಅರ್ಧ ಬೇಲಿ ಹಳದಿ. ಚಳಿ ಬಿದ್ದರೆ ಎಲೆ ಸುಟ್ಟ ಹಾಗಾಗುತ್ತೆ. ಪಕ್ಕದ ಮನೆಯವರು ಸುರಿನಾಮ್‌ನವರು. ಅವರ ದೇಶದ ರಾಷ್ಟ್ರೀಯ ಹೂವೇ ಇದು, ಅಲ್ಲಿ ಇದಕ್ಕೆ ಫಾಯಾ ಲೋಬಿ ಅಂತಾರೆ. ನಮ್ಮ ಗುಡ್ಡೆಯ ಹೂವು ಅಂದರೆ ಅವರು ನಂಬಲಿಲ್ಲ, ನಾನೂ ಬಿಡಲಿಲ್ಲ.

ಸಸ್ಯಮಿತ್ರ
ಇದರ ಮೂಲ ದಕ್ಷಿಣ ಭಾರತ ಮತ್ತು ಶ್ರೀಲಂಕಾವೇ, ಧೈರ್ಯವಾಗಿ ವಾದ ಮಾಡಿ. ಡಚ್ಚರ ಕಾಲದಲ್ಲಿ ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ಮಲಬಾರಿನ ಗಿಡಗಳ ಪುಸ್ತಕ 'ಹಾರ್ಟಸ್ ಮಲಬಾರಿಕಸ್'ನಲ್ಲಿ ಈ ಗಿಡ ಚೆತ್ತಿ ಅನ್ನುವ ಹೆಸರಲ್ಲೇ ಇದೆ. ಲಿನೇಯಸ್ ಇಕ್ಸೋರಾ ಕಾಕ್ಸೀನಿಯಾ ಅಂತ ಹೆಸರಿಟ್ಟದ್ದು 1753ರಲ್ಲಿ.

ಕೊಯಮತ್ತೂರು_ಗೌಡ್ರು
ತಮಿಳಿನಲ್ಲಿ ಇದು ವೆಟ್ಚಿ, ಈಗಿನ ಮಕ್ಕಳಿಗೆ ಇಡ್ಲಿ ಹೂ. ಸಂಗಂ ಕಾಲದ ಕಾವ್ಯದಲ್ಲಿ ಶತ್ರುಗಳ ದನ ಹೊಡೆದುಕೊಂಡು ಬರಲು ಹೊರಟ ಯೋಧರು ವೆಟ್ಚಿ ಹೂವು ಮುಡಿಯುತ್ತಾರೆ. ಆ ದನಗಳನ್ನು ಬಿಡಿಸಿಕೊಂಡು ಬರಲು ಹೋಗುವವರಿಗೆ ಕರಂದೈ. ಯಾರು ಯಾವ ಕಡೆ ಅಂತ ಹೂವು ನೋಡಿದರೆ ತಿಳಿಯಬೇಕು.

ಶಾಸನಪ್ರಿಯ
ತುರುಗೋಳು! ನಮ್ಮ ವೀರಗಲ್ಲುಗಳಲ್ಲಿ ಅದೆಷ್ಟು ಇವೆ. ತುರು ಬಿಡಿಸಲು ಹೋಗಿ ಸತ್ತವನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನ, ಹೋರಾಟ, ಮೇಲೆ ಅಪ್ಸರೆಯರು ಕರಕೊಂಡು ಹೋಗೋದು. ಅವರೂ ಹೂವು ಮುಡಿದಿದ್ದರೇನೋ, ಕಲ್ಲಿಗೆ ಬಣ್ಣ ಇಲ್ಲ.

ಗಂಟು_ಮೂಟೆ
ತಂಬುಳಿಯಿಂದ ತುರುಗೋಳಿಗೆ ಬಂದೆವು. ಇನ್ನು ಅರ್ಧ ಗಂಟೆಯಲ್ಲಿ ಕ್ರಿಕೆಟ್‌ಗೆ ಬರಬಹುದು.

ಘಟ್ಟದ_ಮೇಲೆ
ಒಂದು ಪ್ರಶ್ನೆ. ನಮ್ಮ ಬೆಟ್ಟದಲ್ಲಿ ಬಿಳಿ ಹೂವಿನ ಕೇಪಳ ಇದೆ. ಅದೂ ಆಗುತ್ತಾ?

ಸಸ್ಯಮಿತ್ರ
ಬಿಳಿ ಅಂದ ಕೂಡಲೇ ಕೇಪಳ ಅಂದುಕೊಳ್ಳಬೇಡಿ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ಕಪ್ಪು ಚುಕ್ಕೆ, ಗಂಟು ಕಾಣಿಸಿದರೆ ಅದು ಪಾವಟೆ. ಚುಕ್ಕೆಯಲ್ಲಿರೋದು ಗಿಡದ ಜೊತೆಗೇ ಬದುಕುವ ಬ್ಯಾಕ್ಟೀರಿಯಾ, ರೋಗ ಅಲ್ಲ. ಮರದಷ್ಟು ಎತ್ತರ ಬೆಳೆದು ಬಿಳಿ ಹೂವು ಬಿಟ್ಟರೆ ಗೊರವಿ ಇರಬಹುದು, ಅದು ಇಕ್ಸೋರಾದ್ದೇ ಇನ್ನೊಂದು ಜಾತಿ.

ಘಟ್ಟದ_ಮೇಲೆ
ಗೊರವಿ ಗೊತ್ತು! ಹಸಿ ಕಡ್ಡಿಯೂ ಚೆನ್ನಾಗಿ ಉರಿಯುತ್ತೆ, ಪಂಜು ಮಾಡ್ತಿದ್ದರು. ನಾನು ಹೇಳಿದ್ದು ಪೊದೆ. ನಾಳೆ ಚುಕ್ಕೆ ನೋಡಿ ಹೇಳ್ತೇನೆ.

ಚಿಟ್ಟೆ_ಹಿಂದೆ
ತಿನ್ನೋದು, ಕುಡಿಯೋದು ಬಿಟ್ಟು ಬೇರೆ ಏನೂ ಇಲ್ವಾ ನಿಮಗೆ? ಕೇಪಳದ ಹೂವಿನ ಕೊಳವೆ ಉದ್ದ, ಜೇನು ತಳದಲ್ಲಿ. ಉದ್ದ ಸೊಂಡಿಲಿನ ದೊಡ್ಡ ಚಿಟ್ಟೆಗಳಿಗೇ ಸುಲಭ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಬ್ಲೂ ಮಾರ್ಮನ್, ಕ್ರಿಮ್ಸನ್ ರೋಸ್ ಎಲ್ಲ ಬರುತ್ತವೆ. ನರ್ಸರಿಯ ಮಿಶ್ರತಳಿ ಗಿಡಗಳು ಹೂವು ಧಾರಾಳ ಬಿಡುತ್ತವೆ, ಹಣ್ಣು ಕಟ್ಟೋದು ಬಹಳ ಕಡಿಮೆ. ಗುಡ್ಡೆಯ ಗಿಡದಲ್ಲಿ ಪಿಕಳಾರ ಹಕ್ಕಿಗೆ ಹಣ್ಣು ಸಿಗುತ್ತದೆ, ಅದೇ ಬೀಜ ಹರಡುತ್ತದೆ. ನಂಗೆ ಕಾಣುವ ದೊಡ್ಡ ವ್ಯತ್ಯಾಸ ಇದು.

ಪದವಿನ_ಹುಡುಗ
ಹಕ್ಕಿ ಬೀಜ ಹಾಕಲಿಕ್ಕೆ ಜಾಗ ಬೇಕಲ್ಲ. ನಮ್ಮ ಪದವಿನಲ್ಲಿ (ಗುಡ್ಡೆ ಮೇಲಿನ ಬಯಲು) ಅರ್ಧ ಕೆಂಪುಕಲ್ಲಿನ ಕೋರೆ, ಉಳಿದದ್ದರಲ್ಲಿ ರಬ್ಬರ್, ಅಕೇಶಿಯಾ. ಕೋರೆ ತೆಗೆದ ಜಾಗದಲ್ಲಿ ಈಗ ಮಳೆಗಾಲದಲ್ಲಿ ನೀರು ನಿಂತ ಹೊಂಡ, ಬೇಸಿಗೆಯಲ್ಲಿ ಕಸ. ಕೋಲಕ್ಕೆ ಕೇಪಳ ಈಗ ಮಾರ್ಕೆಟ್ಟಿನಿಂದ ಬರುತ್ತದೆ. ಕೆಲವು ಕಡೆ ನರ್ಸರಿ ಜಾತಿಯ ಹೂವನ್ನೇ ಮಾಲೆ ಕಟ್ಟಿ ಕೊಡ್ತಾರೆ. ಎಸಳು ಗುಂಡಗೆ. ನೋಡಿದ ಕೂಡಲೇ ಗೊತ್ತಾಗುತ್ತೆ.

ಮಲೆನಾಡ_ಮಳೆ
ಮನೆ ಕಟ್ಟಲು ನಿಮಗೂ ಅದೇ ಕೆಂಪುಕಲ್ಲು ಬೇಕಲ್ಲ ಸ್ವಾಮಿ?

ಪದವಿನ_ಹುಡುಗ
ಬೇಕು. ನಮ್ಮ ಮನೆ ಗೋಡೆಯೂ ಅದೇ. ಕಲ್ಲು ತೆಗೆಯಬೇಡಿ ಅಂತ ನಾನು ಹೇಳಲಿಲ್ಲ. ಹೊಂಡಕ್ಕೆ ಮಣ್ಣು ತುಂಬಿ ಗುಡ್ಡೆಯದ್ದೇ ಗಿಡ ನೆಡಿ, ನೆಲ್ಲಿ, ಕುಂಟಾಲ, ಕೇಪಳ, ಅಂತ ಹೇಳ್ತಾ ಇದ್ದೇನೆ. ಅಕೇಶಿಯಾದ ಅಡಿಯಲ್ಲಿ ಎಲೆ ಹಾಸು ಬಿಟ್ಟರೆ ಬೇರೇನೂ ಕಾಣೋದಿಲ್ಲ.

ಕುಂಟಾಲ_ಹಣ್ಣು
ಪೊದೆ ಅಂದರೆ ಚಗಳಿ ಇರುವೆಯನ್ನು ಯಾರೂ ನೆನೆಸಲಿಲ್ಲ. ಎಲೆ ಎಲೆ ಹೊಲಿದು ಗೂಡು. ಒಂದು ಗೊಂಚಲಿಗೆ ಕೈ ಹಾಕಿದರೆ ಕುತ್ತಿಗೆವರೆಗೆ ಹತ್ತುತ್ತಿದ್ದವು.

ಮಲೆನಾಡ_ಮಳೆ
ಚಗಳಿ ಚಟ್ನಿ! ಹುರಿದು, ಮೆಣಸು, ಬೆಳ್ಳುಳ್ಳಿ, ಕಾಯಿ ಹಾಕಿ ರುಬ್ಬಿದರೆ ಬೇರೆ ಹುಳಿಯೇ ಬೇಡ. ಕೇಪಳ ತಂಬುಳಿ ನೀವು ತಿನ್ನಿ.

ಘಟ್ಟದ_ಮೇಲೆ
ಅಯ್ಯೋ, ಊಟದ ಹೊತ್ತು ಇದು.

ಮಲೆನಾಡ_ಮಳೆ
ಅದಕ್ಕೇ ಹೇಳಿದ್ದು.

ಬಾಲ್ಕನಿ_ತೋಟ
ಎಲ್ಲರಿಗೂ ಥ್ಯಾಂಕ್ಸ್. ಒಂದು ರಾಜಿ ಆಯ್ತು. ಬಾಲ್ಕನಿ ಗಿಡ ದೇವರಿಗೆ ಮಾತ್ರ. ಅತ್ತೆಯ ತಂಗಿ ಮುಂದಿನ ವಾರ ಬರುವಾಗ ವಿಟ್ಲದಿಂದ ಕುಡಿ ತರ್ತಾರಂತೆ. ಕಬ್ಬಿಣಕ್ಕೆ ಇಡಿಡಿಎಚ್‌ಎ ಹುಡುಕ್ತಾ ಇದ್ದೇನೆ. ಆಮೇಲೆ, ಗುಡ್ಡೆಯ ಗಿಡವನ್ನೇ ಕುಂಡದಲ್ಲಿ ಬೆಳೆಸಬಹುದಾ? ಅವರಿಗೆ ಕಿತ್ತು ತರಲು ಹೇಳಲಾ?

ಮಣ್ಣು_ಮಾಸ್ತರ
ಕೀಳಬೇಡಿ. ಮುರಕಲ್ಲಿನ ಸಂದಿಗೆ ಇಳಿದ ಬೇರು, ಕಿತ್ತರೆ ಅರ್ಧ ಅಲ್ಲೇ ಉಳಿಯುತ್ತದೆ, ಗಿಡ ಹೆಚ್ಚಾಗಿ ಬದುಕೋದಿಲ್ಲ. ಹಣ್ಣು ತರಲು ಹೇಳಿ. ತಿರುಳು ತೊಳೆದು ಬೀಜ ತಾಜಾ ಇರುವಾಗಲೇ ಬಿತ್ತಿ. ಮೊಳಕೆಗೆ ತಾಳ್ಮೆ ಬೇಕು, ಹೂವಿಗೆ ಇನ್ನೂ ಜಾಸ್ತಿ ತಾಳ್ಮೆ. ಮಳೆಗಾಲದಲ್ಲಿ ಅರೆಬಲಿತ ಕಡ್ಡಿ ನೆಟ್ಟೂ ನೋಡಬಹುದು, ನಾಲ್ಕಾರು ನೆಡಿ, ಒಂದೆರಡು ಹಿಡಿದರೆ ಅದೃಷ್ಟ. ಮಣ್ಣೂ ಸ್ವಲ್ಪ ಅಲ್ಲಿಂದಲೇ ತನ್ನಿ.

ಗಂಟು_ಮೂಟೆ
ಬಸ್ಸಿನಲ್ಲಿ ಮಣ್ಣಿನ ಚೀಲ ಹೊತ್ತು ತರುವವರು ಯಾರು? ಗಂಡನಾ?

ಬಾಲ್ಕನಿ_ತೋಟ
ಹೌದು. ಅವರಿಗೆ ಇನ್ನೂ ಹೇಳಿಲ್ಲ.

ಘಟ್ಟದ_ಮೇಲೆ
ಚುಕ್ಕೆ ಇದೆ. ಪಾವಟೆಯೇ.